ಗನ್ ಇಲ್ಲದ, ಪಾಳು ಶಾಲೆಯಲ್ಲಿ ನಡೆಯುವ ಹಾರರ್ ಗೇಮ್ ಯಾವುದು ಆಡಲಿ?

ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆ ಲ್ಯಾಪ್‌ಟಾಪ್ ಅಂತಲೂ ಬರೆದಿದ್ದೀರಿ. ಹಾಗಾದರೆ ಯೋಚನೆ ಬೇಡ, ‘ಡಿಟೆನ್ಶನ್’ ಆಡಿ. ತೈವಾನಿನ ರೆಡ್ ಕ್ಯಾಂಡಲ್ ಗೇಮ್ಸ್‌ನವರು 2017ರಲ್ಲಿ ತಂದ ಟು-ಡಿ ಆಟ ಅದು. ಲ್ಯಾಪ್‌ಟಾಪಿಗೆ ಭಾರ ಆಗಲ್ಲ. ಮೂರ್ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ.

ಕಥೆ 1960ರ ದಶಕದ್ದು. ತೈವಾನಿನಲ್ಲಿ 1949ರಿಂದ 1987ರವರೆಗೆ ಮಿಲಿಟರಿ ಕಾನೂನು ಇತ್ತು. ಸರ್ಕಾರ ಬೇಡ ಅಂದ ಪುಸ್ತಕ ಓದಿದರೂ ಜೈಲು. ಒಬ್ಬ ಹುಡುಗ ಕ್ಲಾಸಿನಲ್ಲೇ ನಿದ್ದೆ ಹೋಗುತ್ತಾನೆ. ಎದ್ದು ನೋಡಿದರೆ ಶಾಲೆ ಖಾಲಿ, ಬೋರ್ಡಿನ ಮೇಲೆ ಚಂಡಮಾರುತದ ಸೂಚನೆ. ಮುಂದಿನದು ಹೇಳಲ್ಲ.

ದೆವ್ವ ಎದುರಾದರೆ ಉಸಿರು ಬಿಗಿಹಿಡಿದು ಮೆಲ್ಲಗೆ ದಾಟಬೇಕು. ಜಾಸ್ತಿ ಹೊತ್ತು ಹಿಡಿಯೋಕೂ ಆಗಲ್ಲ. ಕೆಲವು ಕಡೆ ಅನ್ನದ ಬಟ್ಟಲು ನೆಲಕ್ಕಿಟ್ಟು, ದೆವ್ವ ಅತ್ತ ತಿರುಗಿದಾಗ ಜಾರಿಕೊಳ್ಳಬೇಕು. ನನಗೆ ಮೈ ಜುಮ್ಮೆಂದಿದ್ದು ಅಲ್ಲೇ. ನಮ್ಮ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟು, ಬಾಗಿಲು ಮುಂದೆ ಮಾಡಿ, ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ನಿಲ್ಲುತ್ತೇವೆ. ಚಿಕ್ಕವನಿದ್ದಾಗ ಬಾಗಿಲ ಸಂದಿಯಲ್ಲಿ ಇಣುಕಿ ಅಮ್ಮನ ಕೈಲಿ ಏಟು ತಿಂದಿದ್ದೆ. ಈ ಗೇಮಿನಲ್ಲಿ ಇಣುಕಬೇಡ ಅನ್ನೋಕೆ ಅಮ್ಮ ಇಲ್ಲ. ಕಷ್ಟ ಅದೇ.

ಇನ್ನೂ ಜಾಸ್ತಿ ಭಯ ಬೇಕಾ? ಗೆಳೆಯರ ಒಳ್ಳೆ ಪಿಸಿ ಸಿಕ್ಕರೆ ಕೊರಿಯಾದ ‘ವೈಟ್ ಡೇ’ ನೋಡಿ. ಮೂಲ ಆಟ 2001ರದ್ದು. ಹೊಸದಾಗಿ ಮಾಡಿದ್ದು 2015ರಲ್ಲಿ ಮೊಬೈಲಿಗೆ, 2017ರಲ್ಲಿ ಪಿಸಿಗೆ ಬಂತು. ಶಾಲೆ ಪಾಳು ಬಿದ್ದದ್ದಲ್ಲ, ಸುಮ್ನೆ ರಾತ್ರಿ ಹೊತ್ತಿನ ಶಾಲೆ. ಇಷ್ಟಪಟ್ಟ ಹುಡುಗಿಗೆ ಕ್ಯಾಂಡಿ ಇಟ್ಟು ಬರೋಣ ಅಂತ ಹೋದ ಹುಡುಗ ಒಳಗೇ ಸಿಕ್ಕಿಹಾಕಿಕೊಳ್ಳುತ್ತಾನೆ. ಅಲ್ಲಿ ದೆವ್ವಕ್ಕಿಂತ ವಾಚ್‌ಮನ್ ಕಾಟ ಜಾಸ್ತಿ. ಕೈಯಲ್ಲಿ ಬ್ಯಾಟು, ಸೊಂಟದಲ್ಲಿ ಕೀಗೊಂಚಲು. ನೀವು ಲೈಟ್ ಹಾಕಿದರೆ ಅವನು ಹುಡುಕಿಕೊಂಡು ಬರುತ್ತಾನೆ. ಗೇಮ್ ಸೇವ್ ಮಾಡೋಕೂ ಪೆನ್ನು ಬೇಕು, ನೋಟಿಸ್ ಬೋರ್ಡಿನ ಮೇಲೆ ಬರೆಯಬೇಕು. ಪೆನ್ನು ಸಿಗೋದೇ ಕಡಿಮೆ, ಹಾಳು ಮಾಡಬೇಡಿ.

ಎರಡನ್ನೂ ಹೆಡ್‌ಫೋನ್ ಹಾಕಿಯೇ ಆಡಿ. ಕೀ ಸದ್ದು ಎಡಕ್ಕೋ ಬಲಕ್ಕೋ ಅಂತ ತಿಳಿಯೋದು ಹಾಗೇ. ಒಮ್ಮೆ ರಾತ್ರಿ ಒಂದೂವರೆಗೆ ವಾಚ್‌ಮನ್ ಕೈಗೆ ಸಿಕ್ಕಿ ಸತ್ತು, ಸಾಕಪ್ಪ ಅಂತ ಹೆಡ್‌ಫೋನ್ ತೆಗೆದೆ. ಹೊರಗೆ, ದಾವಣಗೆರೆಯ ನಮ್ಮ ಬೀದಿಯಲ್ಲಿ, ಗೂರ್ಖಾ ಲಾಠಿ ಕುಟ್ಟಿಕೊಂಡು ಬರುತ್ತಿದ್ದ. ಟಕ್, ಟಕ್. ಎದ್ದು ಹೋಗಿ ರೂಮಿನ ಲೈಟ್ ಆರಿಸಿಬಿಟ್ಟೆ.