ಅಡುಗೆಯವ್ರಿಗಿಂತ ಮೊದ್ಲು ಪಾತ್ರೆ ತೊಳಿಯೋರ್ನ ಹುಡುಕು

ತಮ್ಮಾ, ಪರದೇಶಕ್ಕೆ ಬಂದು ಎಂಟು ತಿಂಗ್ಳಾಯ್ತು, ಕೂಡಿಟ್ಟ ದುಡ್ಡಲ್ಲಿ ಸಣ್ಣದೊಂದು ರೆಸ್ಟೋರೆಂಟ್ ತಗೊಳ್ಳೋಣ ಅಂತಿದೀನಿ, ಇಲ್ಲಿ ಕೆಲ್ಸಕ್ಕೆ ಜನ ಸಿಗ್ತಾರಾ ಅಕ್ಕಾ, ಕೈಗೇನಾದ್ರೂ ಉಳಿಯುತ್ತಾ ಅಂತ ಕೇಳಿದೀಯ. ನಾನು ದೇಶ ಬಿಟ್ಟು 22 ವರ್ಷ ಆಯ್ತು, ಅದ್ರಲ್ಲಿ 14 ವರ್ಷ ಇದೇ ವ್ಯಾಪಾರ, ಅದಕ್ಕೆ ಗೊತ್ತಿರೋದು ಹೇಳ್ತೀನಿ.

ಜನ ಸಿಗ್ತಾರೆ, ಆದ್ರೆ ನಿಲ್ಲಲ್ಲ. ಎಲ್ರೂ ಒಳ್ಳೆ ಅಡುಗೆಯವ್ರು ಸಿಕ್ಕಿದ್ರೆ ಸಾಕು ಅನ್ಕೊಂಡು ಬರ್ತಾರೆ, ನಾನೂ ಹಾಗೇ ಬಂದೆ. ಮೊದಲ್ನೇ ವರ್ಷ ಒಂದು ಶನಿವಾರ ರಾತ್ರಿ ಪಾತ್ರೆ ತೊಳಿಯೋ ಹುಡುಗ ಬರ್ಲೇ ಇಲ್ಲ, ಅರ್ಧ ಗಂಟೇಲಿ ಪ್ಲೇಟ್ ಖಾಲಿ, ಒಲೆ ಮುಂದೆ ಇರೋನು ಬಾಣಲೆಗೆ ಕಾಯ್ತಾ ನಿಂತ, ಆರ್ಡರ್ ಚೀಟಿ ಸಾಲಾಗಿ ನೇತಾಡ್ತಿದೆ, ಸಪ್ಲೈ ಹುಡುಗಿ ಟೇಬಲ್ ಟೇಬಲ್‌ಗೂ ಹೋಗಿ ಸಾರಿ ಕೇಳ್ಕೊಂಡು ಬಂದು ಸ್ಟೋರ್‌ ರೂಮಲ್ಲಿ ಅತ್ಲು. ನಾನೇ ಸಿಂಕ್ ಮುಂದೆ ರಾತ್ರಿ 1 ಗಂಟೆವರ್ಗೂ ನಿಂತೆ. ಬೆನ್ನು ಹಿಡ್ಕೊಂಡ್ಮೇಲೆ ಗೊತ್ತಾಯ್ತು ಆ ಹುಡುಗ ಯಾಕೆ ಬರ್ಲಿಲ್ಲ ಅಂತ. ಮಾರನೇ ವಾರನೇ ಕೆಳಗೆ ರಬ್ಬರ್ ಮ್ಯಾಟ್ ಹಾಕಿಸ್ದೆ, ಸಿಂಕ್ ಎತ್ತರಿಸ್ದೆ, ಆ ಕೆಲ್ಸಕ್ಕೆ ಸಂಬಳನೂ ಜಾಸ್ತಿ ಮಾಡ್ದೆ.

ಸಂಬಳ ಒಂದಕ್ಕೇ ಜನ ಬಿಡಲ್ಲ ನೋಡು, ನಾಳೆ ಯಾವ ಶಿಫ್ಟ್ ಅಂತ ಇವತ್ತು ರಾತ್ರಿ ಗೊತ್ತಾದ್ರೆ ಮಕ್ಳು ಮರಿ ಇರೋರು ಹೆಂಗೆ ಬದುಕ್ತಾರೆ? ನಾನು ಶಿಫ್ಟ್ ಪಟ್ಟಿ ಎರಡು ವಾರ ಮುಂಚೆ ಹಾಕ್ತೀನಿ, ಆಮೇಲೆ ಬದ್ಲಾಯ್ಸಬೇಕು ಅಂದ್ರೆ ಕೇಳಿ ಬದ್ಲಾಯ್ಸ್ತೀನಿ.

ದುಡ್ಡಿನ ವಿಷ್ಯ. ಬಂದ 100ರಲ್ಲಿ ಸುಮಾರು 30 ಸಾಮಾನಿಗೆ, ಇನ್ನೊಂದು 30 ಇಲ್ಲಾ ಅದಕ್ಕೂ ಜಾಸ್ತಿ ಸಂಬಳಕ್ಕೆ, ಬಾಡಿಗೆ, ಕರೆಂಟು, ಗ್ಯಾಸು, ರಿಪೇರಿ, ಟ್ಯಾಕ್ಸು ಎಲ್ಲಾ ಕಳೆದ್ರೆ 3ರಿಂದ 5 ಉಳಿದ್ರೆ ಚೆನ್ನಾಗಿ ನಡೀತಿದೆ ಅಂತ ಅರ್ಥ. ಇಷ್ಟು ಸಣ್ಣ ಉಳಿತಾಯದಲ್ಲಿ ಒಬ್ರು ಹೋಗಿ ಹೊಸಬ್ರು ಬಂದ್ರೆ ಹಳೇ ಸ್ಟಾಕ್ ಹಿಂದೆ ತಳ್ಳಿ ಹೊಸದು ತೆಗೀತಾರೆ, ತಪ್ಪು ಆರ್ಡರ್ ಹೋಗುತ್ತೆ, ಆ ತಿಂಗ್ಳ ಲಾಭ ಕಸದ ಡಬ್ಬಿಗೇ. ಇನ್ನೂ ಭಯದ್ದು ಅಂದ್ರೆ ಬೇಯಿಸಿದ್ದು 5 ಡಿಗ್ರಿಯಿಂದ 60 ಡಿಗ್ರಿ ಮಧ್ಯೆ ಹೆಚ್ಚು ಹೊತ್ತು ಇದ್ರೆ ಬ್ಯಾಕ್ಟೀರಿಯಾ ಬೆಳೀತವೆ, ಗೊತ್ತಿಲ್ದೋರು ದೊಡ್ಡ ಪಾತ್ರೆ ಹಂಗೇ ಫ್ರಿಜ್ಜಿಗೆ ಇಟ್ಬಿಡ್ತಾರೆ, ನಡುವೆ ಗಂಟೆಗಟ್ಲೆ ಬಿಸಿ ಇರುತ್ತೆ. ಅಗಲದ ಟ್ರೇಗಳಿಗೆ ತೆಳ್ಳಗೆ ಹಾಕಿ ಬೇಗ ತಣಿಸ್ಬೇಕು. ಇದನ್ನ ನೀನೇ ಪಕ್ಕ ನಿಂತು ಕಲಿಸು.

ಕೆಲವರ ಕೆಲ್ಸದ ಪರ್ಮಿಟ್ ಒಬ್ಬ ಮಾಲೀಕರ ಹೆಸ್ರಿಗೇ ಇರುತ್ತೆ, ಸುಲಭವಾಗಿ ಬಿಟ್ಟು ಬೇರೆ ಕಡೆ ಹೋಗೋಕಾಗಲ್ಲ. ನಾನು ಹೊಸದಾಗಿ ಬಂದಾಗ ಕೆಲ್ಸ ಮಾಡಿದ ಕಡೆ ಪಾಸ್‌ಪೋರ್ಟ್ ಇಸ್ಕೊಂಡಿದ್ರು, ಓವರ್‌ಟೈಮ್ ದುಡ್ಡು ಕೇಳಿದ್ರೆ ವೀಸಾ ಮಾತು ಎತ್ತೋರು. ಅದನ್ನ ನೀನು ಯಾರಿಗೂ ಮಾಡ್ಬೇಡ, ದಯವಿಟ್ಟು. ನಿನ್ನ ವೀಸಾದಲ್ಲಿ ಸ್ವಂತ ಬಿಸಿನೆಸ್ ಮಾಡ್ಬೋದಾ ಅಂತನೂ ವಕೀಲ್ರ ಹತ್ರ ಕೇಳ್ಕೋ.

ಇಷ್ಟಾದ್ರೂ ನಾನ್ ಬಿಟ್ಟಿಲ್ಲ. ಆ ಸಿಂಕ್ ಹತ್ರ ಆಮೇಲೆ ಬಂದ ಇನ್ನೊಬ್ಬ ಹುಡುಗ ಇವತ್ತು ನನ್ನ ಇಡೀ ಕಿಚನ್ ನೋಡ್ಕೋತಾನೆ, ನಾನು ಊರಿಗೆ ಹೋದ್ರೆ ಬೀಗದ ಕೈ ಅವನ ಹತ್ರ. ಬಾಗ್ಲು ತೆಗಿಯೋಕ್ ಮುಂಚೆ ಎಲ್ರೂ ಒಂದೇ ಟೇಬಲ್ಲಲ್ಲಿ ಊಟ ಮಾಡ್ತೀವಿ, ನಾಲ್ಕು ಭಾಷೆ ಮಾತು, ಪರದೇಶದಲ್ಲಿ ನಂಗೆ ಮನೆ ಅನ್ಸಿದ್ದು ಅಲ್ಲೇ.

ತಗೊಳ್ಳೋದೇ ಆದ್ರೆ ಮೊದ್ಲು ಆರು ತಿಂಗ್ಳು ಬೇರೆಯವ್ರ ಕಿಚನಲ್ಲಿ ಕೆಲ್ಸ ಮಾಡು. ಆಮೇಲೆ ಮಾರೋರ ಲೆಕ್ಕದ ಪುಸ್ತಕ ನೋಡೋ ಮುಂಚೆ ಹಿಂಬಾಗ್ಲಿಗೆ ಹೋಗಿ ಅಲ್ಲಿ ಕೆಲ್ಸ ಮಾಡೋರ್ನ ಎಷ್ಟು ದಿನದಿಂದ ಇದೀರ ಅಂತ ಕೇಳು. ಮೂರು ತಿಂಗ್ಳ ಮೇಲೆ ಇರೋರು ಒಬ್ರೂ ಸಿಗ್ಲಿಲ್ಲ ಅಂದ್ರೆ ಅಡ್ವಾನ್ಸ್ ಕೊಡ್ಬೇಡ, ನಂಗೊಂದು ಫೋನ್ ಮಾಡು.