ಉಪವಾಸ ಒಂದನ್ನೇ ಹಿಡಿದು ಬರೆಯಿರಿ

ಆತ್ಮೀಯರೇ,

ಸಕಲೇಶಪುರದಿಂದ ನೀವು ಕಳಿಸಿದ ‘ಕ್ರೈಸ್ತ ಜೀವನದಲ್ಲಿ ಆತ್ಮಿಕ ಸಾಧನೆ’ ಲೇಖನ ಓದಿದೆ. ಪ್ರಾರ್ಥನೆ, ಉಪವಾಸ, ವಾಕ್ಯಧ್ಯಾನ, ದಾನ, ಮೌನ ಐದನ್ನೂ ನಾಲ್ಕೇ ಪುಟದಲ್ಲಿ ಮುಗಿಸಿದ್ದೀರಿ. ಭಾಷೆ ಚೆನ್ನಾಗಿದೆ, ಆದರೆ ಹೀಗೇ ಅಚ್ಚು ಹಾಕಲಾರೆವು. ‘ಮಾಡಬೇಕು’ ಅನ್ನುವ ಮಾತು ಪುಟಪುಟಕ್ಕೂ ಇದೆ, ಹೇಗೆ ಮಾಡಬೇಕೆಂಬುದು ಎಲ್ಲೂ ಇಲ್ಲ.

ಉಪವಾಸ ಒಂದನ್ನೇ ಇಟ್ಟುಕೊಳ್ಳಿ. ಮೊದಲು ಪಾಸ್ಕಕ್ಕೆ (ಈಸ್ಟರ್) ಮುಂಚಿನ ತಪಸ್ಸುಕಾಲದ ದಿನಗಳ ಲೆಕ್ಕ ಸರಿಪಡಿಸಿ. ಅದು ಶುರುವಾಗುವ ಬೂದಿ ಬುಧವಾರದಿಂದ ಪಾಸ್ಕದ ಹಿಂದಿನ ಶನಿವಾರದವರೆಗೆ ಎಣಿಸಿದರೆ 46 ದಿನ ಬರುತ್ತದೆ. ಭಾನುವಾರ ಪುನರುತ್ಥಾನದ ದಿನವಾದ್ದರಿಂದ ಆರು ಭಾನುವಾರ ಬಿಟ್ಟರೆ 40. ಇನ್ನು ಕಥೋಲಿಕ ಸಭೆಯಲ್ಲಿ ಕಡ್ಡಾಯ ಉಪವಾಸ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18 ತುಂಬಿದವರಿಗೆ, 59 ತುಂಬುವ ತನಕ. ಒಂದು ಹೊತ್ತು ಪೂರ್ತಿ ಊಟ, ಇನ್ನೆರಡು ಹೊತ್ತು ಸ್ವಲ್ಪ ಸ್ವಲ್ಪ. ಆ ಎರಡೂ ಸೇರಿ ಒಂದು ಊಟದಷ್ಟಾಗಬಾರದು. ನೀರು ಕುಡಿಯಬಹುದು. ನೀವು ‘ಹನಿ ನೀರೂ ಮುಟ್ಟದೆ’ ಎಂದು ಬರೆದಿದ್ದೀರಿ. ನಮ್ಮ ಕಡೆ ಆ ದಿನಗಳು ರೊಬಸ್ಟಾ ಕಾಫಿ ಕೊಯ್ಲಿನ ಸಮಯ. ಬಿಸಿಲಲ್ಲಿ ಮೂಟೆ ಹೊರುವವರು ಅದನ್ನು ನಂಬಿದರೆ ತಲೆಸುತ್ತಿ ಬೀಳುತ್ತಾರೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಇಳಿದರೆ ಜೀವಕ್ಕೇ ಅಪಾಯ. ರೋಗಿಗಳಿಗೆ, ಬಸುರಿ ಬಾಣಂತಿಯರಿಗೆ ವಿನಾಯಿತಿ ಇದೆ, ಅದನ್ನು ಬರೆಯಲೇಬೇಕು.

ಮಲೆನಾಡಿನಲ್ಲಿ ತಪಸ್ಸುಕಾಲಕ್ಕೆ ಕಾಫಿ ಕುಡಿಯುವುದನ್ನೇ ಬಿಡುವವರಿದ್ದಾರಲ್ಲ, ಅವರ ಬಗ್ಗೆ ಬರೆಯಿರಿ. ದಿನಕ್ಕೆ ನಾಲ್ಕು ಲೋಟ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಮರುದಿನ ತಲೆ ಸಿಡಿಯುತ್ತದೆ, ಮನೆಯವರ ಮೇಲೆ ರೇಗುತ್ತಾರೆ. ನೀವು ಅದನ್ನು ಸೈತಾನನ ಶೋಧನೆ ಅಂದಿದ್ದೀರಿ. ತಲೆನೋವು ಕೆಫೀನ್ ಬಿಟ್ಟದ್ದರಿಂದ ಬಂದದ್ದು. ಹಿಂದಿನ ವಾರದಿಂದಲೇ ಎರಡು ದಿನಕ್ಕೊಂದು ಲೋಟ ಇಳಿಸುತ್ತ ಬಂದರೆ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ರೇಗಿದ್ದನ್ನು ಹಾಗೆ ಬಿಡಬೇಡಿ. ಹೊಟ್ಟೆ ತುಂಬಿದ್ದಾಗ ಅಡಗಿ ಕೂತಿದ್ದ ಸಿಡುಕು ಹಸಿವಿನಲ್ಲಿ ಹೊರಬೀಳುತ್ತದೆ. ಯಾರ ಮೇಲೆ, ಯಾವ ಮಾತಿಗೆ ರೇಗಿದೆ ಎಂದು ರಾತ್ರಿ ಹತ್ತು ನಿಮಿಷ ಕೂತು ನೆನೆಸಿಕೊಂಡರೆ ಗುರುಗಳ ಬಳಿ ಪಾಪನಿವೇದನೆಗೆ ಹೋದಾಗ ಹೇಳಲು ನಿಜವಾದದ್ದು ಸಿಗುತ್ತದೆ. ಉಪವಾಸದಿಂದ ಆಗುವ ದೊಡ್ಡ ಉಪಕಾರವೇ ಇದು, ನಿಮ್ಮ ಲೇಖನದಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ.

ಬಿಟ್ಟ ಕಾಫಿಯ ದುಡ್ಡು ಆಯಾ ದಿನವೇ ದಾನದ ಡಬ್ಬಿಗೆ ಬೀಳಲಿ, ತಿಂಗಳ ಕೊನೆಗೆಂದು ಇಟ್ಟುಕೊಂಡರೆ ಬೇರೆ ಖರ್ಚಿಗೆ ಹೋಗುತ್ತದೆ. ಬೈಬಲಿನಲ್ಲಿ ಯೆಶಾಯನ 58ನೇ ಅಧ್ಯಾಯ ಉಪವಾಸವನ್ನು ಹಸಿದವರಿಗೆ ಅನ್ನ ಹಂಚುವುದರ ಜೊತೆಗೇ ಹೇಳುತ್ತದೆ.

ಕೊನೆಯ ಪುಟದ ‘ಎಷ್ಟು ಉಪವಾಸವೋ ಅಷ್ಟು ಕೃಪೆ’ ಎಂಬ ಸಾಲು ತೆಗೆಯಿರಿ. ವಾರಕ್ಕೆರಡು ಉಪವಾಸದ ಲೆಕ್ಕವನ್ನು ದೇವರಿಗೆ ಒಪ್ಪಿಸಿದ ಫರಿಸಾಯನ (ಧರ್ಮನಿಯಮ ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಥದವನ) ಕಥೆ ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ. ನೀತಿವಂತನಾಗಿ ಮನೆಗೆ ಹೋದವನು ದೂರದಲ್ಲಿ ನಿಂತು ಎದೆ ಬಡಿದುಕೊಂಡ ಸುಂಕದವನು. ತೋಟದವರಿಗೆ ಹೇಳಿದರೆ ಬೇಗ ಅರ್ಥವಾಗುತ್ತದೆ: ಕಳೆ ತೆಗೆದು ಗೊಬ್ಬರ ಹಾಕುವುದು ನಮ್ಮ ಕೈಯಲ್ಲಿದೆ, ಕಾಫಿ ಗಿಡ ಹೂಬಿಡಿಸುವ ಹೂಮಳೆ ಮೇಲಿನಿಂದ ಬರಬೇಕು.

ಎರಡು ಪುಟ ಸಾಕು. ಬೂದಿ ಬುಧವಾರಕ್ಕೆ ಮೂರು ವಾರ ಮುಂಚೆ ನಮ್ಮ ಕೈಸೇರಲಿ, ಕಾಯುತ್ತಿರುತ್ತೇವೆ.

ಸಂಪಾದಕ