ಸೊನ್ನೆ ಬರೆದ ಫಲಕ

ಡೊಂಬಿವಲಿಯ ಓದುಗರೊಬ್ಬರ ಪತ್ರದ ಸಾರ ಇಷ್ಟು: ಸೊಂಟದ ಮೂಳೆ ಮುರಿದ ಅತ್ತೆಯವರು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಬೆನ್ನ ಬುಡದಲ್ಲಿ ಹುಣ್ಣಾಗಿತ್ತು. ವಾರ್ಡಿನ ಫಲಕದಲ್ಲಿ ಮಾತ್ರ ‘ಈ ತಿಂಗಳ ಬೆಡ್‌ಸೋರ್ (ಮಲಗಿದಲ್ಲೇ ಮಲಗಿ ಆಗುವ ಹುಣ್ಣು): 0’. ಬಿಲ್ ಕೌಂಟರಿನಲ್ಲಿ ಕೊಟ್ಟ ಫಾರ್ಮಿನಲ್ಲಿ ಇವರೇ ನಾಲ್ಕು ನಕ್ಷತ್ರ ಹಾಕಿ ಬಂದಿದ್ದಾರೆ. ಮಗಳ ಹೆರಿಗೆ ಮುಂದಿನ ತಿಂಗಳು. ‘ಸಿಸ್ಟರುಗಳ ಆರೈಕೆಯನ್ನು ಅಳೆಯಲು ಬರುತ್ತದೆಯೇ, ಇಲ್ಲಾ ಅದು ಅವರವರ ಒಳ್ಳೆಯತನಕ್ಕೆ ಬಿಟ್ಟದ್ದೇ?’ ಎಂಬುದು ಪ್ರಶ್ನೆ.

ಅಳೆಯಲು ಬರುತ್ತದೆ. ಆದರೆ ಆ ಸೊನ್ನೆಯನ್ನು ನೋಡಿದ ಕೂಡಲೇ ಕೇಳಬೇಕಾದದ್ದು, ಎಣಿಸಿದವರು ಯಾರು, ಹೇಗೆ ಎಣಿಸಿದರು ಎಂದು.

ಹುಣ್ಣಿನ ಲೆಕ್ಕ ಶುರುವಾಗುವುದು ರೋಗಿ ದಾಖಲಾದ ದಿನ. ಅಂದೇ ಬೆನ್ನ ಬುಡ, ಹಿಮ್ಮಡಿ, ಸೊಂಟದ ಎರಡೂ ಪಕ್ಕ ನೋಡಿ ಬರೆದಿಡದಿದ್ದರೆ, ಆಮೇಲೆ ಕಂಡ ಹುಣ್ಣನ್ನು ‘ಮನೆಯಿಂದಲೇ ಬಂದದ್ದು’ ಎಂದು ಪಟ್ಟಿಯಿಂದ ಹೊರಗಿಡುವುದು ಸುಲಭ. ಎರಡನೆಯ ಉಪಾಯ, ಚರ್ಮ ಒಡೆದು ಆಳಕ್ಕಿಳಿದದ್ದನ್ನು ಮಾತ್ರ ಎಣಿಸುವುದು. ಮೊದಲ ಹಂತದಲ್ಲಿ ಹುಣ್ಣೇ ಇರುವುದಿಲ್ಲ, ಬರೀ ಕೆಂಪು. ಬೆರಳಿನಿಂದ ಒತ್ತಿ ಬಿಟ್ಟಾಗ ಒಳ್ಳೆಯ ಚರ್ಮ ಒಂದು ಕ್ಷಣ ಬಿಳಿಚಿಕೊಳ್ಳುತ್ತದೆ; ಬಿಳಿಚದಿದ್ದರೆ ಅದೇ ಒಂದನೇ ಹಂತ. ನಮ್ಮಂಥ ಕಪ್ಪು ಮೈಬಣ್ಣದಲ್ಲಿ ಕೆಂಪು ಅನೇಕ ಸಲ ಕಾಣುವುದೇ ಇಲ್ಲ. ಸುತ್ತಲಿನ ಜಾಗಕ್ಕಿಂತ ಬಿಸಿಯಿದೆಯೇ, ಗಟ್ಟಿಯಾಗಿದೆಯೇ ಎಂದು ಕೈಯಿಂದಲೇ ತಿಳಿಯಬೇಕು.

ಯಾರಿಗೆ ಹುಣ್ಣಾಗಬಹುದು ಎಂದು ಮೊದಲೇ ಅಂದಾಜು ಮಾಡಲು ಬ್ರೇಡನ್ ಮಾಪಕವಿದೆ. ಸ್ಪರ್ಶದ ಅರಿವು, ಒದ್ದೆ, ಓಡಾಟ, ಮಗ್ಗುಲಾಗುವ ಶಕ್ತಿ, ಊಟ, ಹಾಸಿಗೆಯ ಮೇಲೆ ಜಾರಿ ಉಜ್ಜುವುದು ಎಂಬ ಆರು ಬಾಬತ್ತು. ಒಟ್ಟು ಅಂಕ 6ರಿಂದ 23. 18 ಅಥವಾ ಅದಕ್ಕಿಂತ ಕಡಿಮೆಯಾದರೆ ಅಪಾಯ. ಸೊಂಟ ಮುರಿದು ಮಲಗಿದ ಮುದುಕಿಗೆ 18 ದಾಟುವುದು ಕಷ್ಟವೇ. ಅಂಕ ಬರೆದರೆ ಕೆಲಸ ಮುಗಿಯುವುದಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಬೇಕು, ಒದ್ದೆಯಾದ ಚಾದರ ತೆಗೆಯಬೇಕು.

ಇಲ್ಲಿಯೇ ಕಾಗದ ಸುಳ್ಳು ಹೇಳುವುದು. ಮಗ್ಗುಲು ಬದಲಿಸಿದ ಚಾರ್ಟಿನಲ್ಲಿ ರಾತ್ರಿ 10, 12, 2, 4, 6, 8 ಎಲ್ಲಕ್ಕೂ ಒಂದೇ ಪೆನ್ನು, ಒಂದೇ ಕೈಬರಹ, ನಡುವೆ ಪಾಳಿ ಬದಲಾಗಿದ್ದರೂ ಸಹಿ ಬದಲಾಗಿಲ್ಲ! ಎಕ್ಸ್‌ರೇಗೆ ಕರೆದೊಯ್ದಿದ್ದ ಹೊತ್ತಿನಲ್ಲೂ ‘ಎಡ ಮಗ್ಗುಲು’ ಎಂದಿರುತ್ತದೆ. ಜ್ವರ, ನಾಡಿ, ಉಸಿರಾಟ ಬರೆಯುವ ಟಿಪಿಆರ್ ಚಾರ್ಟಿನಲ್ಲಿ ಉಸಿರಾಟದ ಸಾಲನ್ನೂ ನೋಡಿ. ವಾರ್ಡಿನ ಎಲ್ಲರದ್ದೂ 20 ಅಥವಾ 22 ಇದ್ದರೆ ಯಾರೂ ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿಲ್ಲ. ರೋಗಿಯ ಸ್ಥಿತಿ ಕೆಡುವಾಗ ಮೊದಲು ಏರುವ ಲೆಕ್ಕಗಳಲ್ಲಿ ಉಸಿರಾಟವೂ ಒಂದು. ಅಂದಾಜಿನಿಂದ ಬರೆಯುವುದೂ ಅದನ್ನೇ.

ಹಾಗಾದರೆ ಸರಿಯಾದ ಎಣಿಕೆ ಹೇಗೆ? ತಿಂಗಳಿಗೊಂದು ದಿನ ಬೇರೆ ವಾರ್ಡಿನ ಸಿಸ್ಟರ್ ಬಂದು ಪ್ರತಿ ರೋಗಿಯ ಚರ್ಮ ನೋಡಬೇಕು. ವಾರ್ಡಿನಲ್ಲಿ ರೋಗಿಗಳು ಬೀಳುವ ಲೆಕ್ಕವನ್ನು 1,000 ರೋಗಿ-ದಿನಗಳಿಗೆ (ಒಬ್ಬ ರೋಗಿ ಒಂದು ದಿನ ಇದ್ದರೆ ಒಂದು ರೋಗಿ-ದಿನ) ಎಷ್ಟು ಎಂದು ಹೇಳಬೇಕು. 30 ಹಾಸಿಗೆ ತುಂಬಿದ ವಾರ್ಡಿನಲ್ಲಿ ತಿಂಗಳಿಗೆ 900 ರೋಗಿ-ದಿನ. ಒಬ್ಬರು ಬಿದ್ದರೆ 1.1, ಇಬ್ಬರಾದರೆ 2.2. ‘ಬೀಳುವಿಕೆ ಇಮ್ಮಡಿ’ ಎಂದು ಮೀಟಿಂಗಿನಲ್ಲಿ ಮೇಟ್ರನ್ನರನ್ನು ನಿಲ್ಲಿಸಿ ಬೈಯುವವರು ಇಷ್ಟು ಸಣ್ಣ ಸಂಖ್ಯೆ ತಾನಾಗಿಯೇ ಏರಿಳಿಯುತ್ತದೆ ಎಂಬುದನ್ನು ಮರೆಯುತ್ತಾರೆ. ಬೈಸಿಕೊಂಡ ವಾರ್ಡು ಮುಂದಿನ ತಿಂಗಳು ಬರೆಯುವುದು ಸೊನ್ನೆಯೇ. ಹೊಸದಾಗಿ ಪ್ರಾಮಾಣಿಕವಾಗಿ ಎಣಿಸತೊಡಗಿದ ವಾರ್ಡಿನಲ್ಲಿ ಮೊದಲು ಸಂಖ್ಯೆ ಏರುತ್ತದೆ, ಅದು ಒಳ್ಳೆಯ ಲಕ್ಷಣ.

ಇನ್ನು ಕೈಗಳ ಲೆಕ್ಕ. ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರಕಾರ ಸಾಮಾನ್ಯ ವಾರ್ಡಿನಲ್ಲಿ 5 ರೋಗಿಗೆ ಒಬ್ಬ ನರ್ಸ್, ಬೋಧಕ ಆಸ್ಪತ್ರೆಯಲ್ಲಿ 3ಕ್ಕೆ ಒಬ್ಬರು. ಆಸ್ಪತ್ರೆಯವರು ಸರಾಸರಿ ಹೇಳಿ ತಪ್ಪಿಸಿಕೊಳ್ಳುತ್ತಾರೆ. ನೀವು ರಾತ್ರಿ ಪಾಳಿಯದನ್ನು ಕೇಳಿ. ನಮ್ಮ ಮುಂಬಯಿಯಲ್ಲಿ ಮಗ್ಗುಲು ಬದಲಿಸುವುದು ಬಹಳ ಸಲ ಮಾವಶಿ (ವಾರ್ಡಿನ ಆಯಾ), ಇಲ್ಲವೇ ಹಾಸಿಗೆಯ ಪಕ್ಕ ಕೂತ ಸೊಸೆ. ಆ ಕೆಲಸವೂ ಸಿಸ್ಟರ್ ಹೆಸರಿನಲ್ಲೇ ಚಾರ್ಟಿಗೆ ಬೀಳುತ್ತದೆ.

ಮಗಳ ಹೆರಿಗೆಗೆ ಬರೋಣ. ಇಲ್ಲಿ ಕಣ್ಣಂದಾಜಿನ ಅಪಾಯ ಇನ್ನೂ ದೊಡ್ಡದು. ಹೆರಿಗೆಯ ನಂತರ 500 ಮಿಲಿ ರಕ್ತ ಹೋದರೆ ಅದು ಅತಿಸ್ರಾವ. ಬಟ್ಟೆ, ಬಕೆಟ್ಟು, ನೆಲ ನೋಡಿ ಅಂದಾಜಿಸಿದರೆ ಕಡಿಮೆಯೇ ಹೇಳುತ್ತೇವೆ. ಇದಕ್ಕೆ ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ಅಧ್ಯಯನಗಳಲ್ಲಿ ಬಳಕೆಗೆ ಬಂದದ್ದು ಗುರುತು ಹಾಕಿದ ಪ್ಲಾಸ್ಟಿಕ್ ಹಾಸು: ತಾಯಿಯ ಕೆಳಗೆ ಹಾಸಿದರೆ ರಕ್ತ ತುದಿಯ ಚೀಲಕ್ಕಿಳಿದು ಮಿಲಿ ಲೆಕ್ಕದಲ್ಲಿ ಕಾಣುತ್ತದೆ. ಹಾಸಿನ ಅಳತೆಗಿಂತ ಕಣ್ಣಂದಾಜು ಸುಮಾರು ಮೂರನೇ ಒಂದು ಭಾಗ ಕಡಿಮೆ ಎಂದು ಅಲ್ಲಿ ಕಂಡಿತು. ಹಾಸು ಇಲ್ಲದಿದ್ದರೆ ಪ್ಯಾಡುಗಳನ್ನು ತೂಗಿ ಒಣತೂಕ ಕಳೆಯಬಹುದು. 1 ಗ್ರಾಂ ಎಂದರೆ ಹೆಚ್ಚುಕಡಿಮೆ 1 ಮಿಲಿ. ಆಸ್ಪತ್ರೆ ನೋಡಲು ಹೋದಾಗ ‘ರಕ್ತ ಹೇಗೆ ಅಳೆಯುತ್ತೀರಿ?’ ಎಂದು ಕೇಳಿ. ಮಗು ಹುಟ್ಟಿದ ನಿಮಿಷದೊಳಗೆ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ 10 ಯೂನಿಟ್, ಮೊದಲ ಎರಡು ಗಂಟೆ 15 ನಿಮಿಷಕ್ಕೊಮ್ಮೆ ನಾಡಿ, ಬಿಪಿ, ಗರ್ಭಕೋಶ ಗಟ್ಟಿಯಾಗಿದೆಯೇ ಎಂಬ ಪರೀಕ್ಷೆ, ಗಂಟೆಯೊಳಗೆ ಎದೆಹಾಲು: ಇವೆಲ್ಲಕ್ಕೂ ಹೊತ್ತು ಬರೆಯುತ್ತಾರೆಯೇ ನೋಡಿ. ಪಾರ್ಟೋಗ್ರಾಫ್ ಎಂದರೆ ಹೆರಿಗೆ ಮುಂದುವರಿಯುವುದನ್ನು ಆಗಿಂದಾಗ ಗುರುತಿಸುವ ನಕ್ಷೆ; ಹೆರಿಗೆ ಮುಗಿದ ಮೇಲೆ ಕೂತು ತುಂಬಿದರೆ ಅದು ಅಚ್ಚುಕಟ್ಟಾಗಿರುತ್ತದೆ, ಉಪಯೋಗವಿಲ್ಲ.

ಸಿಸೇರಿಯನ್ ಶೇಕಡಾವಾರು ಒಂದನ್ನೇ ಹಿಡಿದು ಆಸ್ಪತ್ರೆ ಆರಿಸಬೇಡಿ. ಬೇರೆಯವರು ಕಷ್ಟದ ಕೇಸುಗಳನ್ನು ಕಳುಹಿಸಿಕೊಡುವ ಆಸ್ಪತ್ರೆಯಲ್ಲಿ ಅದು ಸಹಜವಾಗಿ ಹೆಚ್ಚು. ಸರ್ಕಾರಿ ಹೆರಿಗೆ ಕೋಣೆಗಳಿಗೆ 2017ರಲ್ಲಿ ಬಂದ ‘ಲಕ್ಷ್ಯ’, ಖಾಸಗಿಯವಕ್ಕೆ ಸ್ತ್ರೀರೋಗ ತಜ್ಞರ ಒಕ್ಕೂಟದ 16 ಮಾನದಂಡಗಳ ‘ಮಾನ್ಯತಾ’ ಎಂಬ ಗುಣಮಟ್ಟದ ಯೋಜನೆಗಳಿವೆ. ಪ್ರಮಾಣಪತ್ರ ಇದ್ದರೆ ಒಳ್ಳೆಯದೇ, ಆದರೆ ಪಟ್ಟಿಗೆ ಟಿಕ್ ಹಾಕುವುದರ ಮಿತಿಗೂ ಸಾಕ್ಷಿ ಇದೆ. ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ಹೆರಿಗೆ ಸುರಕ್ಷಾ ಪಟ್ಟಿಯನ್ನು ತರಬೇತಿಯೊಂದಿಗೆ ಪ್ರಯೋಗಿಸಿದರು, ಫಲಿತಾಂಶ ಬಂದದ್ದು 2017ರಲ್ಲಿ. ತರಬೇತುದಾರರು ಬರುತ್ತಿದ್ದಾಗ ಸರಿಯಾದ ಕ್ರಮಗಳ ಪಾಲನೆ ಸುಮಾರು ಶೇ. 73 ಇತ್ತು, ಅವರು ಬರುವುದು ನಿಂತ ಮೇಲೆ 62ಕ್ಕಿಳಿಯಿತು. ತಾಯಿ-ಮಗುವಿನ ಸಾವು ಗಮನಾರ್ಹವಾಗಿ ಇಳಿಯಲಿಲ್ಲ.

ನಕ್ಷತ್ರದ ಫಾರ್ಮಿನ ಬಗ್ಗೆ ಬೇಸರ ಬೇಡ. ಎದುರಿಗೆ ಸಿಬ್ಬಂದಿ ನಿಂತಿರುವಾಗ ಯಾರೂ ಎರಡು ಹಾಕುವುದಿಲ್ಲ. ‘ಆರೈಕೆ ಚೆನ್ನಾಗಿತ್ತೇ’ ಎಂದು ಕೇಳುವ ಬದಲು ಬೆಲ್ ಒತ್ತಿದ ಎಷ್ಟು ಹೊತ್ತಿಗೆ ಬಂದರು, ಪರೀಕ್ಷೆಗೆ ಮುಂಚೆ ಪರದೆ ಎಳೆದರೇ, ಹೆರಿಗೆಯಲ್ಲಿ ಮನೆಯವರನ್ನು ಜೊತೆಗೆ ಬಿಟ್ಟರೇ, ನೋವೆಷ್ಟು ಎಂದು ನಿಮಗೆ ತಿಳಿಯುವ ಭಾಷೆಯಲ್ಲಿ ಕೇಳಿದರೇ ಎಂದು ಮನೆಗೆ ಹೋದ ಮೇಲೆ ಕೇಳಬೇಕು. ಕೊನೆಯದು ಈ ಊರಿನಲ್ಲಿ ಸಣ್ಣ ಮಾತಲ್ಲ: ಸೊನ್ನೆಯಿಂದ ಹತ್ತರಲ್ಲಿ ನೋವು ಹೇಳಿ ಎಂದು ಮರಾಠಿಯಲ್ಲಿ ಕೇಳಿದರೆ, ಕನ್ನಡ ಮಾತ್ರ ಬಲ್ಲ ಅಜ್ಜಿ ತಲೆಯಾಡಿಸುತ್ತಾರೆ, ಚಾರ್ಟಿಗೆ 2 ಬೀಳುತ್ತದೆ.

ಅತ್ತೆಯವರ ವಿಷಯದಲ್ಲಿ ಈಗಲೂ ಮಾಡುವುದೊಂದಿದೆ. ಒಳರೋಗಿ ದಾಖಲೆಗಳ ಪ್ರತಿ ಬೇಕೆಂದು ಲಿಖಿತ ಅರ್ಜಿ ಕೊಡಿ. ವೈದ್ಯರ ನೀತಿಸಂಹಿತೆಯ 2002ರ ನಿಯಮದಂತೆ 72 ಗಂಟೆಯೊಳಗೆ ಕೊಡಬೇಕು. ಮೂರು ಹಾಳೆ ಹುಡುಕಿ: ದಾಖಲಾದ ದಿನದ ಚರ್ಮದ ಟಿಪ್ಪಣಿ, ಬ್ರೇಡನ್ ಅಂಕ, ಮಗ್ಗುಲಿನ ಚಾರ್ಟು. ಸಿಕ್ಕಿದರೆ ಮೊದಲು ಪೆನ್ನಿನ ಬಣ್ಣ ನೋಡಿ.

— ಸಂಪಾದಕರು